ಬೇಡವಾದದ್ದನ್ನು ಮರಳಿ ಕೊಡುವ ನಡೆ



ಗೋಕಾಕದಲ್ಲಿರುವ ನನ್ನ ತಂಗಿ, ತಾನು ನೋಡದ ಟಿ.ವಿ.ಗೆ ಮೂವತ್ತು ತಿಂಗಳು ಕೇಬಲ್ ಹಣ ಕೊಟ್ಟಳು. ತಿಂಗಳಿಗೆ 250 ರೂಪಾಯಿಯಂತೆ ಒಟ್ಟು 7,500 ರೂಪಾಯಿ. ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದು ಹೋದ. ಆಕೆಗೆ ಎರಡೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಅಂದಿನಿಂದ ಸಂಜೆ ಹೊತ್ತು ಮೊಬೈಲಿನಲ್ಲಿ ಪ್ರವಚನ ಕೇಳುತ್ತ ಕೂಡುವುದೇ ಆಕೆಯ ರೂಢಿ. ಟಿ.ವಿ. ಮೇಲೆ ಹೊದಿಸಿದ ಬಟ್ಟೆಯನ್ನು ಒಗೆಯುವುದಕ್ಕಷ್ಟೇ ತೆಗೆಯುತ್ತಾಳೆ. ಆದರೂ ತಿಂಗಳ ಮೊದಲ ವಾರ ಕೇಬಲ್ ಹುಡುಗ ಬಾಗಿಲಲ್ಲಿ ನಿಂತು "ಅಕ್ಕಾರ" ಎಂದು ಕೂಗಿದರೆ, ಡಬ್ಬಿಯಿಂದ ಹಣ ತೆಗೆದು ಎಣಿಸಿ ಕೊಡುತ್ತಿದ್ದಳು.

ನಾನು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕ, ಹುಕ್ಕೇರಿಯವನು. ತಂಗಿಯ ಮನೆಗೆ ಹೋದಾಗಲೊಮ್ಮೆ ಈ ಲೆಕ್ಕ ಕಣ್ಣಿಗೆ ಬಿದ್ದು ಕೇಳಿದೆ: "ಹಚ್ಚಲಾರದ ಟಿ.ವಿ.ಗೆ ಯಾಕ ಕೊಡತಿ? ಬ್ಯಾಡ ಅಂದ ಬಿಡು." ಆಕೆ ಹೇಳಿದ ಉತ್ತರಕ್ಕೆ ನನ್ನ ಬಾಯಿ ಕಟ್ಟಿತು.

"ಹೆಂಗ ಬ್ಯಾಡ ಅನ್ನಲಿ ಅಣ್ಣಾ? ಹೊಳಿ ಬಂದಾಗ ನಮ್ಮ ಸಾಮಾನ ಎಲ್ಲಾ ಹೊತ್ತ ಮ್ಯಾಲ ಇಟ್ಟಾಂವ ಅಂವನ. ಅವರವ್ವ ದಿನಾ ಇದೇ ಬಾಗಿಲ ಮುಂದ ಹಾಯ್ದ ಹೋಗತಾಳ."

ಹೊಳೆ ಬಂದದ್ದು ಎಂದರೆ 2019ರ ಆಗಸ್ಟ್ ತಿಂಗಳ ಮಾತು. ಘಟಪ್ರಭಾ, ಮಾರ್ಕಂಡೇಯ ಎರಡೂ ತುಂಬಿ ಗೋಕಾಕದ ಹಳೆಯ ಓಣಿಗಳಿಗೆ ನೀರು ನುಗ್ಗಿತ್ತು. ಲೋಳಸೂರ ಸೇತುವೆ ಮುಳುಗಿತ್ತು. ಆ ರಾತ್ರಿ ನಾವ್ಯಾರೂ ಹುಕ್ಕೇರಿಯಿಂದ ಅಲ್ಲಿಗೆ ಮುಟ್ಟಲಾಗಲಿಲ್ಲ. ಮುಟ್ಟಿದವನು ಆ ಕೇಬಲ್ ಹುಡುಗ. ಆ ಋಣ ಸಣ್ಣದಲ್ಲ, ನನ್ನ ತಂಗಿ ಅದನ್ನು ಮರೆಯುವವಳೂ ಅಲ್ಲ. ಆದರೆ ಋಣಕ್ಕೂ ಕೇಬಲ್ ಬಿಲ್ಲಿಗೂ ಏನು ಸಂಬಂಧ? ಈ ಪ್ರಶ್ನೆಯೇ ನನ್ನಿಂದ ಈ ಲೇಖನ ಬರೆಸುತ್ತಿದೆ.

ದಾಕ್ಷಿಣ್ಯವನ್ನು ನಮ್ಮ ಭಾಗದ ಜನ ಒಳ್ಳೆಯ ಗುಣವೆಂದೇ ಎಣಿಸುತ್ತಾರೆ. ಎದುರಿಗಿದ್ದವರ ಮುಖ ಸಣ್ಣದಾಗಬಾರದು ಎನ್ನುವ ಕಾಳಜಿ ಅದರಲ್ಲಿದೆ. ಆದರೆ ಸ್ವಲ್ಪ ಬಗೆದು ನೋಡಿದರೆ ಅದರೊಳಗೆ ಇನ್ನೊಂದು ಸಂಗತಿಯೂ ಸಿಗುತ್ತದೆ. ನಮ್ಮ ಮುಖ ಸಣ್ಣದಾಗಬಾರದು, ನಮ್ಮನ್ನು ಯಾರೂ ಜಿಪುಣರೆನ್ನಬಾರದು ಎಂಬ ಅಂಜಿಕೆಯೂ ಅಲ್ಲಿ ಕುಳಿತಿರುತ್ತದೆ. ಕರುಣೆಯಿಂದ ಕೊಟ್ಟಾಗ ಮನಸ್ಸು ಹಗುರಾಗುತ್ತದೆ. ದಾಕ್ಷಿಣ್ಯಕ್ಕೆ ಕೊಟ್ಟಾಗ ಬಾಗಿಲು ಹಾಕಿಕೊಂಡು ಗೊಣಗುತ್ತೇವೆ. ನನ್ನ ತಂಗಿಯೂ ಗೊಣಗುತ್ತಿದ್ದಳು. ಅಂಥ ಕೊಡುಗೆಯನ್ನು ದಾಸೋಹವೆಂದು ಕರೆಯಲು ಬಾರದು.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆಯನ್ನು ನಾವೆಲ್ಲ ಮಠದ ಅಂಗಳದಲ್ಲಿ ಕೇಳುತ್ತಲೇ ಬೆಳೆದವರು. ಮಾರಯ್ಯ ಶರಣರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ತಾಯಿ ಅದನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ, ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಮರಳಿ ಕಳಿಸಿದರು. ಈ ಕಥೆ ಹೇಳುವಾಗ ನಾವು ಆಸೆಯ ಮಾತನ್ನಷ್ಟೇ ಎತ್ತುತ್ತೇವೆ. ಮರಳಿ ಹೋಗಿ ಸುರಿಯುವ ಕೆಲಸ ಎಷ್ಟು ಕಠಿಣ ಎಂಬುದನ್ನು ಯಾರೂ ಹೇಳುವುದಿಲ್ಲ. ಹೊತ್ತು ತಂದದ್ದನ್ನು ಎಲ್ಲರೂ ನೋಡುತ್ತಿರುವಾಗ ಹೊತ್ತುಕೊಂಡು ವಾಪಸು ಹೋಗಬೇಕು. ಯಾಕೆಂದು ಕೇಳಿದವರಿಗೆ ಉತ್ತರ ಕೊಡಬೇಕು. ಬೇಡವಾದದ್ದನ್ನು ಮನೆಯ ಮೂಲೆಯಲ್ಲಿ ಇಟ್ಟುಕೊಂಡು ಸುಮ್ಮನಿರುವುದು ಅದಕ್ಕಿಂತ ಎಷ್ಟೋ ಸುಲಭ. ನಮ್ಮ ಮನೆಗಳಲ್ಲಿ ಟಿ.ವಿ. ಕೆಳಗೆ ಕೆಂಪು ದೀಪ ಉರಿಸಿಕೊಂಡು ಕುಳಿತಿರುವ ಬಾಕ್ಸು ಅಂಥದ್ದೇ ಒಂದು ವಸ್ತು.

ಕೇಬಲ್ ಬಂದ ಹೊಸತರಲ್ಲಿ ಈ ಬಾಕ್ಸು ಇರಲಿಲ್ಲ. ಕಂಬದಿಂದ ತಂತಿ ಎಳೆದು ಟಿ.ವಿ.ಗೆ ಚುಚ್ಚಿದರೆ ಮುಗಿಯಿತು. ಬೇಡವೆಂದರೆ ಹುಡುಗ ಬಂದು ತಂತಿ ಕಿತ್ತುಕೊಂಡು ಹೋಗುತ್ತಿದ್ದ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ, ಮಹಾನಗರಗಳಿಂದ ಶುರುವಾಗಿ ಹಂತ ಹಂತವಾಗಿ ಇಡೀ ದೇಶಕ್ಕೆ ಡಿಜಿಟಲ್ ವ್ಯವಸ್ಥೆ ಬಂತು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳ ಪಾಳಿಯೂ ಮುಗಿಯಿತು. ಆಮೇಲೆ ಪ್ರತಿ ಮನೆಗೂ ಒಂದು ಬಾಕ್ಸು, ಪ್ರತಿ ಬಾಕ್ಸಿಗೂ ಒಂದು ನಂಬರು. ಮನೆಯಲ್ಲಿ ಟಿ.ವಿ. ಹಚ್ಚಿರಲಿ ಬಿಟ್ಟಿರಲಿ, ಆ ನಂಬರು ಚಾಲೂ ಇರುವ ತನಕ ಹಣ ನಡೆಯುತ್ತಲೇ ಇರುತ್ತದೆ.

ನಮ್ಮ ಹುಕ್ಕೇರಿ ತಾಲ್ಲೂಕಿನವರಿಗೆ ಇದನ್ನು ತಿಳಿಸಲು ಮನೆಯದೇ ಉದಾಹರಣೆ ಇದೆ. 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ ನಮಗೆ ಕರೆಂಟು ಬರುತ್ತದೆ. ಅದರ ತಂತಿ ಮನೆಯೊಳಗೆ ಬರುವಲ್ಲಿ ಒಂದು ಮೀಟರ್ ಇದೆ. ಸುಟ್ಟಷ್ಟು ಯೂನಿಟ್ಟನ್ನು ಅದು ಅಳೆಯುತ್ತದೆ. ದೀಪ ಆರಿಸಿದರೆ ಮೀಟರ್ ನಿಲ್ಲುತ್ತದೆ. ಕೇಬಲ್ಲಿಗೆ ಮೀಟರ್ ಇಲ್ಲ. ಎಷ್ಟು ನೋಡಿದಿರಿ ಎಂದು ಅದು ಅಳೆಯುವುದಿಲ್ಲ. ಆದ್ದರಿಂದ ಅಳೆಯುವ ಕೆಲಸ ಮನೆಯವರದ್ದೇ ಆಗಬೇಕು. ಆ ಅಳತೆಯನ್ನು ನಾವು ಯಾರೂ ಮಾಡುವುದಿಲ್ಲ.

ಮತ್ತೆ ತಂಗಿಯ ಮಾತಿಗೆ ಬರುತ್ತೇನೆ. ನಾನು ಆಕೆಗೆ ಒಂದೇ ಮಾತು ಹೇಳಿದೆ: "ಅಂವಗ ಸಹಾಯ ಮಾಡಬೇಕಂದ್ರ ಕೈಯಾಗ ಕೊಡು. ಹಬ್ಬಕ್ಕ ಅರಿಬಿ ಕೊಡಸು. ನೋಡಲಾರದ ಕೇಬಲ್ಲಿಗೆ ಕೊಟ್ಟ ಅಂವಗ ಕೊಟ್ಟೆ ಅಂತ ತಿಳಕೋಬ್ಯಾಡ." ಈ ಮಾತಿನ ಹಿಂದೆ ಒಂದು ಲೆಕ್ಕವಿದೆ. ನಾವು ಕೊಡುವ ತಿಂಗಳ ಹಣದಲ್ಲಿ ತೆರಿಗೆ ಹೋಗುತ್ತದೆ. ದುಡ್ಡಿನ ಚಾನೆಲ್ಲುಗಳಿದ್ದರೆ ಆ ಕಂಪನಿಗಳ ಪಾಲು ಹೋಗುತ್ತದೆ. ಮೇಲಿನಿಂದ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಕಂಪನಿಯ ಪಾಲು ಹೋಗುತ್ತದೆ. ಇವೆಲ್ಲ ಕಳೆದ ಮೇಲೆ ಉಳಿದದ್ದು ಊರಿನ ಆಪರೇಟರನದು. ವಸೂಲಿಗೆ ಮನೆಮನೆ ತಿರುಗುವ ಹುಡುಗ ಅವನ ಕೈಕೆಳಗಿನ ಸಂಬಳದಾಳು ಆಗಿದ್ದರೆ, ಅವನಿಗೆ ಸಿಗುವುದು ಇನ್ನೂ ಕಡಿಮೆ. ಹೊಳೆಯ ನೀರಿನಲ್ಲಿ ನಿಂತು ಪೆಟ್ಟಿಗೆ ಹೊತ್ತವನ ಹೆಸರಿನಲ್ಲಿ ನನ್ನ ತಂಗಿ ಕೊಟ್ಟ ಹಣದ ಹೆಚ್ಚಿನ ಭಾಗ, ಅವನನ್ನೂ ಆಕೆಯನ್ನೂ ಎಂದೂ ನೋಡದವರ ಖಾತೆಗೆ ಜಮಾ ಆಯಿತು.

ಮುಂದಿನ ತಿಂಗಳು ಹುಡುಗ ಬಂದಾಗ ಆಕೆ ಅವನನ್ನು ಒಳಗೆ ಕರೆದು ಚಹಾ ಕೊಟ್ಟು, ಅಂಜುತ್ತಲೇ ವಿಷಯ ತೆಗೆದಳಂತೆ. ಅವನು ನಕ್ಕು, "ಮೊದಲ ಹೇಳಬಾರದೇನ್ರಿ ಅಕ್ಕಾರ? ನೀವು ಟಿ.ವಿ. ಹಚ್ಚೂದಿಲ್ಲ ಅಂತ ನನಗೇನ ಗೊತ್ತ?" ಎಂದನಂತೆ. ಮೂವತ್ತು ತಿಂಗಳ ಅಂಜಿಕೆ ಒಂದು ಕಪ್ ಚಹಾ ಆರುವುದರೊಳಗೆ ಮುಗಿಯಿತು. ಅವನ ತಾಯಿ ಈಗಲೂ ಅದೇ ಬಾಗಿಲ ಮುಂದೆ ಹಾಯ್ದು ಹೋಗುತ್ತಾಳೆ, ಈಗಲೂ ನಿಂತು ಮಾತಾಡಿಸುತ್ತಾಳೆ.

ಎಲ್ಲರ ಮನೆಯಲ್ಲೂ ದಾಕ್ಷಿಣ್ಯವೇ ಅಡ್ಡ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರೂಢಿಯೂ ಇದೆ. ಅದನ್ನು ನಾನು ಕಂಡದ್ದು ಮೂಡಲಗಿಯಲ್ಲಿ, ನನ್ನ ಅಣ್ಣನ ಮಗನ ಮನೆಯಲ್ಲಿ. ಅವರು ಫೈಬರ್ ಇಂಟರ್ನೆಟ್ ಹಾಕಿಸಿಕೊಂಡರು. ಟಿ.ವಿ.ಯಲ್ಲಿ ಬೇಕಾದದ್ದೆಲ್ಲ ಅದರಲ್ಲೇ ಬರತೊಡಗಿತು. ಕೇಬಲ್ ಬೇಡವಾಯಿತು. ಬೇಡವಾಯಿತೆಂದು ಅವನು ಯಾರಿಗೂ ಹೇಳಲಿಲ್ಲ, ಹಣ ಕೊಡುವುದನ್ನು ನಿಲ್ಲಿಸಿಬಿಟ್ಟ. ಬಾಕ್ಸನ್ನು ಅಟ್ಟಕ್ಕೆ ಎಸೆದ. ನಾಲ್ಕು ತಿಂಗಳ ಬಾಕಿ ನಿಂತಿತು. ನಾನು ಅಲ್ಲಿದ್ದ ದಿನವೇ ವಸೂಲಿಯವನು ಬಂದು ಬಾಗಿಲು ಬಡಿದ. ನನ್ನ ಅಣ್ಣನ ಮಗ ಒಳಮನೆಯಿಂದ ತನ್ನ ಏಳು ವರ್ಷದ ಮಗನಿಗೆ ಹೇಳಿದ: "ಅಪ್ಪ ಮನ್ಯಾಗ ಇಲ್ಲ ಅಂತ ಹೇಳ ಹೋಗು."

ಹುಡುಗ ಹೋಗಿ ಹಾಗೆಯೇ ಹೇಳಿ ಬಂದ. ಬಂದವನು ನನ್ನ ಮುಖ ನೋಡಿದ. ಅಜ್ಜ ಮಾಸ್ತರ ಏನೆನ್ನುತ್ತಾನೋ ಎಂದು ಅವನಿಗೆ ಅನುಮಾನ. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳಿದವನು ನಾನು. ಅವತ್ತು ಆ ಹೊತ್ತಿನಲ್ಲಿ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ರಾತ್ರಿ ಊಟವಾದ ಮೇಲೆ ಅಣ್ಣನ ಮಗನಿಗೆ ಹೇಳಿದೆ: "ಆ ರೊಕ್ಕ ನಾ ಕೊಡತೇನಿ. ಆದ್ರ ಕೂಸಿನ ಬಾಯಾಗ ಹಾಕಿದ ಸುಳ್ಳು ನೀನ ತಗೀಬೇಕು." ಅವನು ತಲೆ ತಗ್ಗಿಸಿದ. ಮರುದಿನ ಮಗನನ್ನು ಬೈಕಿನ ಮೇಲೆ ಮುಂದೆ ಕೂರಿಸಿಕೊಂಡು ಆಪರೇಟರನ ಅಂಗಡಿಗೆ ಹೋಗಿ ಬಾಕಿ ಕೊಟ್ಟು, ಬಾಕ್ಸು ರಿಮೋಟು ಎರಡನ್ನೂ ಒಪ್ಪಿಸಿ ಬಂದ. ಹುಡುಗನ ಕೈಯಲ್ಲೇ ರಿಮೋಟು ಕೊಡಿಸಿದನಂತೆ.

ಗೋಕಾಕದಲ್ಲಿ ನನ್ನ ತಂಗಿ ಬೇಡವೆನ್ನಲಾರದೆ ಕೊಟ್ಟಳು. ಮೂಡಲಗಿಯಲ್ಲಿ ನನ್ನ ಅಣ್ಣನ ಮಗ ಬೇಡವೆನ್ನಲಾರದೆ ಅಡಗಿಕೊಂಡ. ಎರಡೂ ಕಡೆ ಕೊರತೆ ಒಂದೇ. ಎದುರಿಗೆ ನಿಂತು, ಶಾಂತವಾಗಿ, ಲೆಕ್ಕ ಮುಗಿಸಿ, ಬೇಡವೆಂದು ಹೇಳುವ ರೂಢಿ ನಮಗಿಲ್ಲ. ನುಡಿ ಮತ್ತು ನಡೆ ಒಂದಾಗಬೇಕೆಂದು ಸಭೆಯಲ್ಲಿ ಹೇಳುವ ನಾವು, ಎರಡು ವಾಕ್ಯದ ಈ ಸಣ್ಣ ನುಡಿಯನ್ನು ಹೊಸ್ತಿಲಲ್ಲಿ ನಿಂತು ಆಡಲಾರೆವು.

ಉಳಿದವರ ತಪ್ಪು ಹೇಳಿ ನನ್ನದನ್ನು ಮುಚ್ಚಿಟ್ಟರೆ ಅದೂ ಒಂದು ಸುಳ್ಳೇ. ನನ್ನ ಮನೆಯ ಕೇಬಲ್ ನನ್ನ ಹೆಂಡತಿಯ ಹೆಸರಿನಲ್ಲಿತ್ತು. ಧಾರಾವಾಹಿಗಳನ್ನು ನೋಡುತ್ತಿದ್ದವಳು ಆಕೆ. ಎರಡು ವರ್ಷದ ಹಿಂದೆ ಆಕೆ ಲಿಂಗೈಕ್ಯಳಾದಳು. ನಂತರವೂ ನಾನು ತಿಂಗಳು ತಿಂಗಳು ಹಣ ಕೊಡುತ್ತಿದ್ದೆ. ಸಂಜೆ ಏಳಕ್ಕೆ ಟಿ.ವಿ. ಹಚ್ಚಿ, ಆಕೆ ನೋಡುತ್ತಿದ್ದ ಧಾರಾವಾಹಿ ಶುರುವಾದ ಮೇಲೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಮನೆಯಲ್ಲಿ ಸದ್ದು ಇರಲಿ ಎಂದಷ್ಟೇ. ಆಪರೇಟರನಿಗೆ ಹೇಳಲು ಹೋದರೆ ಆಕೆಯ ಹೆಸರನ್ನು ಪಟ್ಟಿಯಿಂದ ತೆಗೆಯಿರಿ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು. ಆ ಮಾತಿಗೆ ಧೈರ್ಯ ಸಾಲದೆ ಹದಿನಾಲ್ಕು ತಿಂಗಳು ತಳ್ಳಿದೆ. ಕೊನೆಗೆ ಮರಣ ಪ್ರಮಾಣಪತ್ರದ ಪ್ರತಿ ಹಿಡಿದು ಹೋದೆ. ಆಪರೇಟರ್ ಒಂದೂ ಪ್ರಶ್ನೆ ಕೇಳದೆ ಬಾಕ್ಸು ತೆಗೆದುಕೊಂಡ, ಠೇವಣಿ ಎಣಿಸಿ ಕೊಟ್ಟ. "ಬಾಯಾರು ಭಾಳ ಛಲೋ ಮಂದಿ ಇದ್ದರ್ರಿ ಗುರುಗೋಳ, ಒಂದ ತಿಂಗಳನೂ ಬಾಕಿ ಇಟ್ಟವರಲ್ಲ" ಎಂದ. ಆ ಮಾತು ಕೇಳಲಿಕ್ಕಾದರೂ ನಾನು ಮೊದಲೇ ಹೋಗಬೇಕಿತ್ತು.

ಇನ್ನೊಂದು ತಪ್ಪೂ ನನ್ನದಿದೆ. ಇದು ನಮ್ಮ ಬಳಗದ ಬಹಳ ಜನರ ತಪ್ಪೂ ಹೌದು. ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮುಹೂರ್ತ, ರಾಹುಕಾಲ, ಗ್ರಹಶಾಂತಿ ನಮ್ಮವಲ್ಲವೆಂದು ನಾನು ಎಷ್ಟೋ ಸಲ ಮಾತಾಡಿದ್ದೇನೆ. ಮನೆಗೆ ಬಂದು ಟಿ.ವಿ. ಹಚ್ಚಿದರೆ ಬೆಳಗಿನ ಹೊತ್ತು ಒಂದರ ಮೇಲೊಂದು ರಾಶಿಫಲ. 2019ರ ಫೆಬ್ರವರಿಯಿಂದ ಚಾನೆಲ್ ಆಯ್ಕೆ ನೋಡುಗನ ಕೈಗೆ ಬಂದಿದೆ. ಟ್ರಾಯ್ ತಂದ ಆ ಹೊಸ ದರ ನಿಯಮದಂತೆ ಮೊದಲ 100 ಚಾನೆಲ್ಲುಗಳಿಗೆ ಮೂಲ ಶುಲ್ಕ 130 ರೂಪಾಯಿ ಮೀರುವಂತಿರಲಿಲ್ಲ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ದುಡ್ಡಿನ ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದಾಯಿತು. 2020ರಲ್ಲಿ ಅದೇ ಶುಲ್ಕಕ್ಕೆ 200 ಚಾನೆಲ್ ಎಂದಾಯಿತು. 2024ರ ಜುಲೈನಲ್ಲಿ ಆ ಶುಲ್ಕದ ಮಿತಿಯನ್ನೇ ತೆಗೆದರು. ಈಗ ಕಂಪನಿ ತನ್ನ ದರವನ್ನು ತಾನೇ ಗೊತ್ತುಮಾಡಿ ಪ್ರಕಟಿಸುತ್ತದೆ. ಅಂದಮೇಲೆ ಎಷ್ಟು ಕೊಡುತ್ತಿದ್ದೇವೆ, ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ನೋಡುವುದು ಹಿಂದೆಂದಿಗಿಂತ ಈಗ ಹೆಚ್ಚು ಅಗತ್ಯ. ನನ್ನ ಪಟ್ಟಿಯಲ್ಲಿ ಏನೇನಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆಪರೇಟರ್ ಕೊಟ್ಟ ಪ್ಯಾಕಿಗೆ ತಲೆಯಾಡಿಸಿದ್ದೆ. ವೇದಿಕೆಯ ಮೇಲೆ ಖಂಡಿಸಿದ್ದಕ್ಕೇ ಮನೆಯಿಂದ ಹಣ ಹೋಗುತ್ತಿರಲಿಕ್ಕೂ ಸಾಕು, ನಾನು ನೋಡಲೇ ಇಲ್ಲ.

ಇನ್ನು ಬಿಡಬೇಕೆಂದು ಮನಸ್ಸು ಮಾಡಿದವರು ಹೇಗೆ ಬಿಡಬೇಕು ಎಂಬ ಮಾತು. ನಾನು ಮೂರು ಮನೆಗಳ ಕೆಲಸ ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಬಾಕ್ಸು ಯಾರದು ಎಂದು ತಿಳಿದುಕೊಳ್ಳಬೇಕು. ಪೂರ್ತಿ ಹಣ ಕೊಟ್ಟು ಕೊಂಡದ್ದಾದರೆ ಅದು ನಿಮ್ಮದು. ಬಾಡಿಗೆಗೆ ಅಥವಾ ಠೇವಣಿ ಇಟ್ಟು ಪಡೆದದ್ದಾದರೆ ಅದು ಅವರದು, ಮರಳಿ ಕೊಡಬೇಕು, ಠೇವಣಿಯ ಲೆಕ್ಕ ಕೇಳಬೇಕು. ಸಂಪರ್ಕ ಪಡೆದಾಗಿನ ಅರ್ಜಿಯ ಪ್ರತಿ, ಹಳೆಯ ರಸೀದಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ. ಬಾಕ್ಸಿನ ಕೆಳಗಿರುವ ನಂಬರಿನ ಫೋಟೋ ತೆಗೆದುಕೊಳ್ಳಿ. ಎರಡನೆಯದು, ನಿಲ್ಲಿಸುವ ದಿನದವರೆಗಿನ ಬಾಕಿಯನ್ನು ಪೂರ್ತಿ ಕೊಟ್ಟು ರಸೀದಿ ಪಡೆಯಿರಿ. ನಮ್ಮ ಕಡೆಯ ಲೆಕ್ಕ ಶುದ್ಧವಿದ್ದರೆ ಮಾತಿಗೆ ತೂಕ ಬರುತ್ತದೆ.

ಮೂರನೆಯದು, ಬರವಣಿಗೆಯಲ್ಲಿ ಕೊಡಿ. ಹದಿನೈದು ದಿನ ಮುಂಚೆಯೇ ಕೊಟ್ಟರೆ ಒಳ್ಳೆಯದು. ದೊಡ್ಡ ಪತ್ರವೇನೂ ಬೇಡ. ಹೆಸರು, ವಿಳಾಸ, ಗ್ರಾಹಕ ನಂಬರು, ಬಾಕ್ಸ್ ನಂಬರು ಬರೆದು, "ನನ್ನ ಮನೆಯ ಸಂಪರ್ಕವನ್ನು ಈ ದಿನಾಂಕದಿಂದ ನಿಲ್ಲಿಸಬೇಕು. ಅಲ್ಲಿಯವರೆಗಿನ ಹಣ ಸಂದಾಯವಾಗಿದೆ. ಬಾಕ್ಸನ್ನು ಒಪ್ಪಿಸುತ್ತಿದ್ದೇನೆ. ನನ್ನ ಠೇವಣಿಯ ಲೆಕ್ಕ ಮಾಡಿ ಮರಳಿಸಬೇಕು" ಎಂದರೆ ಸಾಕು. ಎರಡು ಪ್ರತಿ ಮಾಡಿ ಒಂದರ ಮೇಲೆ ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಅಂಚೆ ಚೀಟಿ ಕಾಯ್ದಿಡಿ. ನಾಲ್ಕನೆಯದು, ಮೊಬೈಲಿನಲ್ಲಿ ಆಟೋಪೇ ಇಟ್ಟಿದ್ದರೆ ಅದನ್ನು ನೀವೇ ರದ್ದು ಮಾಡಿ. ಸಂಪರ್ಕ ನಿಂತರೂ ಹಣ ಕಡಿತವಾಗುತ್ತಿದ್ದರೆ ಆಮೇಲೆ ತಿರುಗಾಟ ಹೆಚ್ಚು.

ಪೂರ್ತಿ ಬಿಡುವುದು ಬೇಡ, ಕೆಲಕಾಲ ಊರಲ್ಲಿರುವುದಿಲ್ಲ ಎನ್ನುವವರಿಗೆ ತಾತ್ಕಾಲಿಕವಾಗಿ ನಿಲ್ಲಿಸಿಡುವ ಅವಕಾಶವನ್ನೂ ಟ್ರಾಯ್ ನಿಯಮದಲ್ಲಿ ಕೊಟ್ಟಿದೆ. ಮಗಳ ಬಾಣಂತನಕ್ಕೆ ಹೋಗುವವರು, ಕಬ್ಬು ಕಡಿಯಲು ತಿಂಗಳುಗಟ್ಟಲೆ ಹೊರಗೆ ಹೋಗುವವರು, ಹೊಳೆ ಬಂದು ಮನೆ ಬಿಟ್ಟವರು ಇದನ್ನು ಕೇಳಬಹುದು. ಆದರೆ ಹೇಳದೆ ಹೋದರೆ ಯಾರಿಗೂ ತಿಳಿಯುವುದಿಲ್ಲ.

ಆಪರೇಟರ್ ಕಿವಿಗೊಡದಿದ್ದರೆ ಜಗಳಕ್ಕೆ ಇಳಿಯಬೇಕಿಲ್ಲ. ಮೇಲಿನ ಕೇಬಲ್ ಕಂಪನಿಯ ಗ್ರಾಹಕ ಸೇವಾ ನಂಬರಿಗೆ ಫೋನ್ ಮಾಡಿ ದೂರಿನ ನಂಬರು ಪಡೆಯಿರಿ. ಅಲ್ಲಿಯೂ ಆಗದಿದ್ದರೆ ಆ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಿರಿ. ಟ್ರಾಯ್ ನಿಯಮ ಮಾಡುವ ಸಂಸ್ಥೆ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಕೊನೆಯ ಬಾಗಿಲು ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆಯೂ ನಡೆಸಬಹುದು, ನಮ್ಮಂಥವರ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಮನೆಯ ಇಂಟರ್ನೆಟ್ ಬಿಡುವವರಿಗೂ ಇದೇ ದಾರಿ. ಅಲ್ಲಿ ಆರು ತಿಂಗಳು, ಒಂದು ವರ್ಷ ಎಂದು ಮುಂಗಡ ಕಟ್ಟಿಸಿಕೊಳ್ಳುವ ರೂಢಿ ಹೆಚ್ಚು. ನಡುವೆ ಬಿಟ್ಟರೆ ಉಳಿದ ಹಣ ಬರುತ್ತದೆಯೋ ಇಲ್ಲವೋ, ರೂಟರ್ ಯಾರದು ಎಂಬ ಎರಡು ಪ್ರಶ್ನೆಗಳನ್ನು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಇದನ್ನೆಲ್ಲ ಗೋಷ್ಠಿಯ ನಂತರ ಪ್ರಸಾದದ ಪಂಕ್ತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ಹಿರಿಯರು ಕೇಳಿದರು: "ಎಲ್ಲಾರೂ ಬಿಟ್ರ ಆ ಕೇಬಲ್ಲಿನವರ ಹೊಟ್ಟಿಗತಿ ಏನ್ರಿ?" ಸರಿಯಾದ ಪ್ರಶ್ನೆ. ಅಗ್ಗದ ಮೊಬೈಲ್ ಡಾಟಾ ಬಂದಾಗಿನಿಂದ ಊರೂರಿನ ಸಣ್ಣ ಆಪರೇಟರುಗಳ ಗಿರಾಕಿಗಳು ಕಡಿಮೆಯಾಗುತ್ತಿರುವುದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ. ಮಳೆಯಲ್ಲಿ ಕಂಬ ಹತ್ತಿ ತಂತಿ ಜೋಡಿಸುವುದು ಕಾಯಕವೇ. ಆ ಕಾಯಕಕ್ಕೆ ಗೌರವ ಕೊಡಬೇಕು. ನೋಡುವವರು ತಪ್ಪದೆ, ಬಾಕಿ ಇಡದೆ, ಹತ್ತು ಸಲ ತಿರುಗಿಸದೆ ಕೊಡುವುದೇ ಆ ಗೌರವ. ನೋಡದವರು ಕೊಡುವ ಹಣದಿಂದ ಯಾವ ಕಾಯಕವೂ ಉಳಿಯುವುದಿಲ್ಲ. ಗಿರಾಕಿ ಯಾಕೆ ಹೋಗುತ್ತಿದ್ದಾನೆಂದು ಬಾಯಿಬಿಟ್ಟು ಹೇಳಿದರೆ ಆ ಹುಡುಗನೂ ಮುಂದಿನ ದಾರಿ ಯೋಚಿಸುತ್ತಾನೆ. ಗೋಕಾಕದ ಅದೇ ಹುಡುಗ ಈಗ ಇಂಟರ್ನೆಟ್ ಜೋಡಣೆಯ ಕೆಲಸ ಕಲಿಯುತ್ತಿದ್ದಾನೆಂದು ತಂಗಿ ಹೇಳಿದಳು.

ಇನ್ನೊಂದು ಎಚ್ಚರಿಕೆಯನ್ನು ನಾನೇ ಹೇಳಬೇಕು. ಈ ಲೇಖನ ಓದಿ ಯಾರಾದರೂ ಮನೆಗೆ ಹೋಗಿ ಮುದುಕಿ ತಾಯಿಯ ಟಿ.ವಿ. ತಂತಿ ಕಿತ್ತರೆ ಅದು ಸುಧಾರಣೆಯಲ್ಲ, ಜುಲುಮೆ. ಮಕ್ಕಳು ಹೊಲಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿಯುವ ಅವ್ವನಿಗೆ ಮಧ್ಯಾಹ್ನದ ಧಾರಾವಾಹಿಯೇ ಜೊತೆ. ಅದನ್ನು ತೆಗೆಯಬೇಕೆನ್ನುವ ಮಗ ಮೊದಲು ದಿನಕ್ಕೆ ಅರ್ಧ ತಾಸು ಅವಳ ಹತ್ತಿರ ಕುಳಿತು ಮಾತಾಡಲಿ. ಬೇಕೋ ಬೇಡವೋ ಎಂಬ ತೀರ್ಮಾನ ನೋಡುವವರದ್ದು. ನನ್ನ ತಂಗಿಯ ಕೇಬಲ್ಲನ್ನು ನಾನು ಬಿಡಿಸಲಿಲ್ಲ, ಆಕೆಯೇ ಬಿಟ್ಟಳು. ಟಿ.ವಿ. ಬೇಕು, ತಿಂಗಳ ಹಣದ ಭಾರ ಬೇಡ ಎನ್ನುವವರಿಗೆ ದೂರದರ್ಶನದ ಫ್ರೀ ಡಿಶ್ 2004ರ ಡಿಸೆಂಬರಿನಿಂದಲೂ ಇದೆ. ಬುಟ್ಟಿ ಮತ್ತು ಬಾಕ್ಸಿಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು, ತಿಂಗಳ ಶುಲ್ಕವಿಲ್ಲ, ಚಂದನ ಬರುತ್ತದೆ.

ಹಾಗೆಯೇ ಕೇಬಲ್ ಬಿಟ್ಟ ಮಾತ್ರಕ್ಕೆ ಮನೆ ಶಾಂತವಾಯಿತು ಎಂದು ಹಿಗ್ಗುವುದೂ ಬೇಡ. ಮೂಡಲಗಿಯ ಮನೆಯಲ್ಲಿ ಕೇಬಲ್ ಹೋದ ಮೇಲೆ ನಾಲ್ಕು ಜನ ನಾಲ್ಕು ಮೊಬೈಲ್ ಹಿಡಿದು ನಾಲ್ಕು ಮೂಲೆಗೆ ಕುಳಿತದ್ದನ್ನು ನಾನೇ ನೋಡಿದ್ದೇನೆ. ಟಿ.ವಿ. ಇದ್ದಾಗ ಒಂದೇ ಕೋಣೆಯಲ್ಲಾದರೂ ಇರುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ದುಪ್ಪಟ್ಟು ಹಣ ಕೊಡುವುದಾದರೆ ಅದು ಬಿಟ್ಟಂತಲ್ಲ, ಬದಲಿಸಿದಂತೆ. ಆ ಲೆಕ್ಕವನ್ನೂ ಪ್ರಾಮಾಣಿಕವಾಗಿ ಇಡಬೇಕು.

ಕೊನೆಯದಾಗಿ ನಮ್ಮ ಮಠಗಳ ಪೂಜ್ಯರಲ್ಲಿ ಮತ್ತು ಬಳಗಗಳಲ್ಲಿ ಒಂದು ವಿನಂತಿ. ಮಾಸಿಕ ಗೋಷ್ಠಿ ಮುಗಿದ ಮೇಲೆ ಅರ್ಧ ತಾಸು ಒಂದು ಮೇಜು ಹಾಕಿ, ಓದು ಬಲ್ಲ ಇಬ್ಬರು ಯುವಕರನ್ನು ಕೂರಿಸಿರಿ. ಕೇಬಲ್ಲೋ ಇಂಟರ್ನೆಟ್ಟೋ ಮೊಬೈಲಿನಲ್ಲಿ ತಾನಾಗಿ ಕಡಿತವಾಗುವ ಇನ್ನಾವುದೋ ಪ್ಯಾಕೋ, ಬೇಡವಾದರೂ ಬಿಡಲು ಬಾರದೆ ಕುಳಿತ ತಾಯಂದಿರಿಗೆ ಆ ಪತ್ರ ಬರೆದುಕೊಡಲಿ. ಎಲ್ಲಿ ಸಹಿ ಹಾಕಿಸಬೇಕೆಂದು ತೋರಿಸಲಿ. ಮಠದಲ್ಲಿ ಅಕ್ಷರ ಕಲಿತವರು ನಮ್ಮ ಭಾಗದಲ್ಲಿ ಸಾವಿರಾರು ಜನ. ಆ ಅಕ್ಷರ ಇಂಥ ಕೆಲಸಕ್ಕೂ ಒದಗಬೇಕು.

ನನ್ನ ತಂಗಿಯ ಮನೆಯಲ್ಲಿ ಆ ಟಿ.ವಿ. ಈಗಿಲ್ಲ. ಪಕ್ಕದ ಓಣಿಯ ಅಂಗನವಾಡಿ ಸಹಾಯಕಿಯ ಮನೆಗೆ ಕೊಟ್ಟಳು. ಟಿ.ವಿ. ಇದ್ದ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಬಂದಿದೆ. ಹೋದ ತಿಂಗಳು ನಾನು ಹೋದಾಗ ಬಾಗಿಲಿಗೆ ಯಾರೋ ಚೀಟಿ ಕಟ್ಟಿರೆಂದು ಕೇಳಲು ಬಂದಿದ್ದರು. ಆಕೆ ಹೊಸ್ತಿಲಲ್ಲಿ ನಿಂತು, ನಗುನಗುತ್ತ, "ಇಲ್ರಿ ಯವ್ವಾ, ನನಗ ಬ್ಯಾಡ. ನೀರ ಕುಡದ ಹೋಗ್ರಿ" ಎಂದಳು. ಬಂದವರು ನೀರು ಕುಡಿದು ಹೋದರು.